ಹುತ್ತದ ಅಣಬೆಯೋ, ವಿಷದ ನಾಯಿಕೊಡೆಯೋ: ಬುಡ ಅಗೆದು ಗುರುತಿಸುವ ಕ್ರಮ

ಮಿರ್ಗದ ಮಳೆ ಹದವಾಗಿ ಬಿದ್ದು, ಆರಿದ್ರಾ ಹೊತ್ತಿಗೆ ನೆಲ ಆಳದವರೆಗೆ ನೆನೆಯಿತೆಂದರೆ ಅಣಬೆ ಏಳುವ ಕಾಲ. ಚಿಂಚೋಳಿ ಕಡೆಯ ಕುರುಚಲು ಕಾಡಿನಂಚು, ಬೀದರಿನ ಕೆಂಪು ಮುರ್ರಂ ನೆಲ, ಸುರಪುರ, ಗುರುಮಠಕಲ್ ಭಾಗದ ಮಸಾರಿ ಹೊಲದ ಬದು, ಎಲ್ಲ ಕಡೆ ರಾತ್ರಿ ಬೆಳಗಾಗುವುದರೊಳಗೆ ತಲೆ ಎತ್ತಿರುತ್ತವೆ. ‘ಗುಡುಗಿಗೆ ಅಣಬಿ ಏಳ್ತಾವ’ ಎನ್ನುವ ಮಾತಿದೆ. ಏಳಿಸುವುದು ಗುಡುಗಲ್ಲ, ಅದರ ಬೆನ್ನಿಗೆ ಬರುವ ಮಳೆ ಮತ್ತು ಮಳೆ ನಿಂತ ಮೇಲಿನ ಎರಡು ದಿನದ ಧಗೆ.

ಊರಲ್ಲಿ ಅಣಬೆ ಅಂದರೆ ತಿನ್ನುವಂಥದ್ದು, ನಾಯಿಕೊಡೆ ಅಂದರೆ ಒದ್ದು ಮುಂದೆ ಹೋಗುವಂಥದ್ದು ಎಂಬ ಲೆಕ್ಕ ನಡೆದು ಬಂದಿದೆ. ಹೆಸರು ಎರಡಿದ್ದರೂ ನೋಡುವುದಕ್ಕೆ ಎರಡೂ ಒಂದೇ ಕೊಡೆ. ಇಂಥದ್ದು ವಿಷ ಎಂದು ಒಂದೇ ಏಟಿಗೆ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಆದ್ದರಿಂದ ವಿಷದ ಅಣಬೆಗಳನ್ನೆಲ್ಲ ಕಲಿಯಲು ಹೋಗಬೇಡಿ. ತಿನ್ನುವ ಒಂದೇ ಒಂದು ಜಾತಿಯನ್ನು, ಅಂದರೆ ನಮ್ಮ ಭಾಗದ ಹುತ್ತದ ಅಣಬೆಯನ್ನು, ನೆತ್ತಿಯಿಂದ ಬೇರಿನ ತುದಿಯವರೆಗೆ ಕಲಿಯಿರಿ. ಅದರ ಲಕ್ಷಣಗಳಲ್ಲಿ ಒಂದು ತಪ್ಪಿದರೂ ಬುಟ್ಟಿಗೆ ಹಾಕಬೇಡಿ. ಕೆಳಗಿನದೆಲ್ಲ ಈ ಒಂದು ಕ್ರಮದ ವಿವರ. ಇದನ್ನು ಓದಿಕೊಂಡೇ ಒಬ್ಬರೇ ಹೊರಡುವಂತಿಲ್ಲ. ಮೊದಲ ಕೆಲವು ಮಳೆಗಾಲ ಹುತ್ತದ ಅಣಬೆ ಕಿತ್ತು ತಿಂದು ಬಲ್ಲವರ ಜೊತೆಗೇ ಹೋಗಬೇಕು.

ಮೊದಲು ತಲೆಯಿಂದ ತೆಗೆಯಬೇಕಾದ್ದು

ಅಣಬೆ ಬೇಯುವ ನೀರಿಗೆ ಬೆಳ್ಳಿ ಕಾಲುಂಗುರ ಹಾಕಿ, ಕಪ್ಪಾದರೆ ವಿಷ ಎನ್ನುತ್ತಾರೆ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶಕ್ಕೆ. ಯಕೃತ್ತನ್ನು ತಿಂದುಹಾಕುವ ಅಮಟಾಕ್ಸಿನ್ ಎಂಬ ವಿಷಕ್ಕೆ ಬೆಳ್ಳಿ ಬೆಳ್ಳಗೇ ಇರುತ್ತದೆ. ಬೆಳ್ಳುಳ್ಳಿ, ಅರಿಶಿನ, ಅಕ್ಕಿಕಾಳಿನ ಬಣ್ಣ ನೋಡುವುದೂ ಇದೇ ಜಾತಿಯ ನಂಬಿಕೆ. ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬುದು ಇನ್ನೂ ಅಪಾಯದ್ದು: ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳ ಮತ್ತು ನೊಣದ ಮರಿಗಳು ಆರಾಮಾಗಿ ತಿಂದು ಬದುಕುತ್ತವೆ. ಬಣ್ಣ ಬಣ್ಣದ್ದು ಮಾತ್ರ ವಿಷ ಎನ್ನುವವರಿಗೆ ಹೇಳಬೇಕಾದ್ದು, ಅತಿ ಕೆಟ್ಟ ಅಣಬೆಗಳಲ್ಲಿ ಕೆಲವು ಹಾಲಿನಷ್ಟು ಬಿಳಿ.

ಉಪ್ಪು ಹಾಕಿ ಕುದಿಸಿ ನೀರು ಚೆಲ್ಲಿದರೆ ವಿಷ ಹೋಗುತ್ತದೆ ಎಂಬುದೂ ಸುಳ್ಳು. ಅಮಟಾಕ್ಸಿನ್ ಕುದಿಸಿದರೂ, ಹುರಿದರೂ, ಬಿಸಿಲಿಗೆ ಒಣಗಿಸಿಟ್ಟರೂ ಉಳಿಯುತ್ತದೆ. ಕಡೆಯದಾಗಿ, ಹುತ್ತದ ಮೇಲೆ ಎದ್ದದ್ದೆಲ್ಲ ಒಳ್ಳೆಯದು ಎಂಬ ಮಾತು. ಇದು ಅರ್ಧ ನಿಜ, ಅದಕ್ಕೇ ಹೆಚ್ಚು ಮೋಸ. ಹುತ್ತದ ಮಣ್ಣು ಮೆತ್ತಗೆ, ಸಾರವಾಗಿ ಇರುವುದರಿಂದ ಅಲ್ಲಿ ಬೇರೆ ಅಣಬೆಗಳೂ ಏಳುತ್ತವೆ. ಹುತ್ತದ ಮೇಲೆ ಇರುವುದು ಬೇರೆ, ಹುತ್ತದೊಳಗಿಂದ ಬರುವುದು ಬೇರೆ. ಎರಡನ್ನೂ ಬೇರ್ಪಡಿಸುವುದು ಖುರ್ಪಿ.

ಜೊತೆಗೆ ಒಯ್ಯಬೇಕಾದ್ದು, ಹೋಗಬಾರದ ಜಾಗ

ಕಳೆ ತೆಗೆಯುವ ಖುರ್ಪಿ, ಹರಿತ ಚಾಕು, ಬಿದಿರಿನ ಪುಟ್ಟಿ, ಹಳೆಯ ದಿನಪತ್ರಿಕೆ, ಅಳತೆ ಪಟ್ಟಿ, ಮೊಬೈಲ್. ಪ್ಲಾಸ್ಟಿಕ್ ಚೀಲ ಬೇಡ. ಅದರೊಳಗೆ ಅಣಬೆ ಬೆವರಿ ಎರಡು ಮೂರು ತಾಸಿನಲ್ಲಿ ಲೋಳೆಯಾಗುತ್ತದೆ, ಆಗ ಒಳ್ಳೆಯ ಅಣಬೆಯೂ ಹೊಟ್ಟೆ ಕೆಡಿಸುತ್ತದೆ. ಒಂದೊಂದು ಗುಂಪನ್ನು ಬೇರೆ ಬೇರೆ ಪತ್ರಿಕೆ ಹಾಳೆಯಲ್ಲಿ ಸುತ್ತಿ. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಮುರಿದ ಚೂರು ಯಾವುದರದ್ದೆಂದು ಆಮೇಲೆ ಯಾರಿಗೂ ತಿಳಿಯದು. ಮೊಬೈಲ್ ಇರುವುದು ಫೋಟೋ ತೆಗೆಯುವುದಕ್ಕೆ: ನೆಲದಲ್ಲಿ ಇದ್ದಂತೆ ಒಂದು, ಅಡಿಭಾಗ ಒಂದು, ಅಗೆದ ಬುಡ ಒಂದು. ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳ ಮಾತು ಕೇಳಿ ಒಲೆ ಹಚ್ಚಬೇಡಿ; ಮಣ್ಣೊಳಗಿನ ಬುಡ ಅವಕ್ಕೆ ಕಾಣುವುದಿಲ್ಲ.

ಔಷಧ ಹೊಡೆದ ಹತ್ತಿ, ತೊಗರಿ ಹೊಲದ ಬದು, ಹೆದ್ದಾರಿ ಪಕ್ಕ, ಕಸದ ಗುಂಡಿ, ಕಾರ್ಖಾನೆಯ ಸುತ್ತಲ ನೆಲ ಬಿಡಿ. ಅಣಬೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಇಟ್ಟುಕೊಳ್ಳುತ್ತದೆ. ಚಿಂಚೋಳಿ ವನ್ಯಜೀವಿಧಾಮದ ಗಡಿಯೊಳಗೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಏನನ್ನೂ ಕೀಳುವಂತಿಲ್ಲ. ಹುತ್ತದ ಬಿಲದೊಳಗೆ ಬರಿಗೈ ಹಾಕಬೇಡಿ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 1: ಕೀಳಬೇಡಿ, ಅಗೆಯಿರಿ

ಎಲ್ಲ ತಪ್ಪೂ ಇಲ್ಲೇ ಆಗುವುದು. ದಂಟು ಹಿಡಿದು ಮೇಲಕ್ಕೆ ಎಳೆದರೆ ಅದು ಮಣ್ಣಿನ ಮಟ್ಟಕ್ಕೆ ಪಟ್ಟನೆ ಮುರಿಯುತ್ತದೆ. ಗುರುತು ಹೇಳುವ ಭಾಗ ನೆಲದಲ್ಲೇ ಉಳಿಯುತ್ತದೆ.

ದಂಟಿನಿಂದ ನಾಲ್ಕು ಬೆರಳು ದೂರದಲ್ಲಿ ಖುರ್ಪಿಯನ್ನು ನೇರವಾಗಿ ಇಳಿಸಿ, ಮಣ್ಣನ್ನು ಹೊರಗಿನಿಂದ ಒಳಕ್ಕೆ ಬಿಡಿಸುತ್ತ ಬನ್ನಿ. ಹತ್ತಿರ ಬಂದಾಗ ಖುರ್ಪಿ ಬಿಟ್ಟು ಕಡ್ಡಿಯಿಂದ ಕೆದಕಿ. ಹುತ್ತದ ಅಣಬೆಯಾದರೆ ದಂಟು ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ಮೂಲಂಗಿಯ ಬಾಲದಂತೆ ಸಣ್ಣಗಾಗುತ್ತ, ಗಟ್ಟಿ ನಾರಿನ ಬೇರಾಗಿ ಕೆಳಗೆ ಇಳಿಯುತ್ತಲೇ ಹೋಗುತ್ತದೆ. ಒಂದು ಗೇಣು ಅಗೆದರೂ ತುದಿ ಸಿಗದಿರಬಹುದು. ಕೆಲವೊಮ್ಮೆ ಮೊಳದುದ್ದ, ಅದಕ್ಕೂ ಹೆಚ್ಚು. ಆ ಬೇರಿನ ಕೊನೆ ಗೆದ್ದಲು ಕಟ್ಟಿಕೊಂಡ ಸ್ಪಂಜಿನಂಥ ಬೂದು ಗೂಡಿಗೆ ಅಂಟಿರುತ್ತದೆ. ಗೆದ್ದಲು ಒಣ ಎಲೆ, ಕಟ್ಟಿಗೆ ತಂದು ಆ ಗೂಡಿನ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಮಳೆ ಇಳಿದಾಗ ಅದೇ ಶಿಲೀಂಧ್ರ ಕೊಡೆಯಾಗಿ ಮೇಲೆ ಬರುತ್ತದೆ. ಅಷ್ಟು ಕೆಳಗಿನ ಗೂಡಿನವರೆಗೆ ಅಗೆಯುವ ಅಗತ್ಯವಿಲ್ಲ. ಗೂಡು ಒಡೆದರೆ ಮುಂದಿನ ವರ್ಷ ಆ ಜಾಗದಲ್ಲಿ ಅಣಬೆ ಸಿಗದೆ ಹೋಗಬಹುದು. ಬೇರು ಗೇಣುದ್ದ, ಒಂದೇ ಸಮನೆ ಕೆಳಗೆ ಇಳಿದಿದೆಯೇ ಎಂದು ಕಂಡರೆ ಸಾಕು.

ಬೇರಿನ ಬದಲು ದಂಟಿನ ಬುಡ ಈರುಳ್ಳಿ ಗಡ್ಡೆಯಂತೆ ಉಬ್ಬಿ ಅಲ್ಲೇ ಮುಗಿದಿದ್ದರೆ, ಅದರ ಸುತ್ತ ಹರಿದ ಚೀಲದಂಥ, ಒಡೆದ ಮೊಟ್ಟೆ ಸಿಪ್ಪೆಯಂಥ ಪೊರೆ ಇದ್ದರೆ, ಕೈ ಬಿಡಿ. ಅದು ಅಮನಿಟ ವಂಶದ ಗುರುತು. ಜಗತ್ತಿನಲ್ಲಿ ಅಣಬೆಯಿಂದ ಆಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಈ ವಂಶದ ಕೆಲವು ಜಾತಿಗಳೇ. ಈ ಚೀಲ ತೆಳ್ಳಗೆ, ಮಣ್ಣಿನ ಬಣ್ಣಕ್ಕೆ ತಿರುಗಿ ಅಡಗಿರುತ್ತದೆ. ಆತುರದ ಖುರ್ಪಿಗೆ ಪುಡಿಯಾಗಿ ಹೋಗುತ್ತದೆ. ಆದ್ದರಿಂದ ಚೀಲ ಕಾಣಲಿಲ್ಲ ಎಂಬುದು ಸಾಕ್ಷಿಯಲ್ಲ. ಬೇರು ಕಂಡಿತು ಎಂಬುದೇ ಸಾಕ್ಷಿ. ಬೇರೊಬ್ಬರು ಕಿತ್ತು ತಂದ, ಬುಡವಿಲ್ಲದ ಅಣಬೆಯನ್ನು ಗುರುತಿಸಿ ಕೊಡಲು ಕೇಳಿದರೆ ಆಗದು ಎಂದುಬಿಡಿ. ನಂಟರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಹೆಜ್ಜೆ 2: ಟೊಪ್ಪಿ, ಕಿವಿರು, ಉಂಗುರ

ಹುತ್ತದ ದೊಡ್ಡ ಅಣಬೆಯ ಟೊಪ್ಪಿಯ ನಡುವೆ ಒಂದು ಮೊನೆ ಇರುತ್ತದೆ. ಗಟ್ಟಿ ಮಣ್ಣನ್ನು ತಳ್ಳಿಕೊಂಡು ಬರುವುದು ಅದೇ. ಮುಟ್ಟಿದರೆ ಉಳಿದ ಟೊಪ್ಪಿಗಿಂತ ಗಟ್ಟಿ, ಬಣ್ಣವೂ ಸ್ವಲ್ಪ ಕಂದು. ಟೊಪ್ಪಿ ಬಿಚ್ಚಿದಂತೆ ಅಂಚು ಅಲ್ಲಲ್ಲಿ ಸೀಳುತ್ತದೆ. ಮೇಲ್ಮೈಯಲ್ಲಿ ಕೆರೆದರೆ ಉದುರುವ ಹಕ್ಕಳೆ ಇರಬಾರದು.

ಮಗುಚಿ ನೋಡಿ. ಟೊಪ್ಪಿಯ ಅಡಿಯಲ್ಲಿ ಪುಸ್ತಕದ ಹಾಳೆಯಂತೆ ಜೋಡಿಸಿರುವ ಪದರುಗಳೇ ಕಿವಿರು. ಹುತ್ತದ ಅಣಬೆಯಲ್ಲಿ ಅವು ದಂಟಿಗೆ ಅಂಟದೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲುತ್ತವೆ. ಮೊದಲು ಬಿಳಿ, ಬಲಿತಂತೆ ನಸುಗುಲಾಬಿ. ದಂಟನ್ನು ಸೀಳಿದರೆ ಕೋಳಿ ಮಾಂಸದಂತೆ ಉದ್ದ ನಾರು ನಾರಾಗಿ ಬಿಡುತ್ತದೆ, ಒಳಗೆ ಗಟ್ಟಿ.

ಉಂಗುರದ ವಿಷಯದಲ್ಲಿ ಗೊಂದಲ ಬೇಡ. ದಂಟಿಗೆ ಉಂಗುರವಿದ್ದರೆ ವಿಷ ಎಂದು ಕೆಲವರು ಕಲಿಸುತ್ತಾರೆ. ನಮ್ಮ ದೇಶದ ಹುತ್ತದ ಅಣಬೆಗಳಲ್ಲೇ ಒಂದು ಜಾತಿಗೆ ಉಂಗುರವಿದೆ, ಅತ್ತ ಉಂಗುರ ಮಳೆಗೆ ಉದುರಿಹೋದ ಅಮನಿಟಗಳೂ ಇವೆ. ಹಾಗಾಗಿ ಉಂಗುರ ಒಂದನ್ನೇ ನೋಡಿ ತೀರ್ಮಾನ ಮಾಡುವಂತಿಲ್ಲ. ಉಂಗುರ, ಬುಡದ ಚೀಲ, ಬಲಿತರೂ ಬಿಳಿಯಾಗೇ ಉಳಿದ ಕಿವಿರು, ಈ ಮೂರೂ ಒಟ್ಟಿಗಿದ್ದರೆ ಮಾತ್ರ ಅನುಮಾನವೇ ಬೇಡ, ಅದು ಅಮನಿಟ.

ಹೆಜ್ಜೆ 3: ಬೀಜಾಣುವಿನ ಅಚ್ಚು

ಒಂದು ರಾತ್ರಿಯ ಕೆಲಸ. ಅದಕ್ಕೇ ಯಾರೂ ಮಾಡುವುದಿಲ್ಲ, ಮಾಡದೆ ಇದ್ದವರೇ ಆಸ್ಪತ್ರೆ ಸೇರುವುದು.

ಪೂರ್ತಿ ಬಿಚ್ಚಿದ, ಆದರೆ ಕೊಳೆಯದ ಟೊಪ್ಪಿ ಆರಿಸಿ ದಂಟನ್ನು ಕಿವಿರಿನ ಮಟ್ಟಕ್ಕೆ ಕತ್ತರಿಸಿ. ಹಳೆಯ ಫೋಟೋ ಚೌಕಟ್ಟಿನ ಗಾಜು ಒರೆಸಿ, ಕಿವಿರು ಕೆಳಗೆ ಬರುವಂತೆ ಟೊಪ್ಪಿ ಇಡಿ. ಮೇಲೆ ಒಂದೆರಡು ಹನಿ ನೀರು ಬಿಟ್ಟು ಬಟ್ಟಲು ಕವುಚಿ. ಫ್ಯಾನಿನ ಕೆಳಗೆ ಬೇಡ. ಗಾಳಿಗೆ ಟೊಪ್ಪಿ ಒಣಗಿ ಏನೂ ಉದುರುವುದಿಲ್ಲ. 6ರಿಂದ 12 ತಾಸು ಬಿಡಿ. ಬೆಳಿಗ್ಗೆ ಟೊಪ್ಪಿ ಎತ್ತಿದರೆ ಗಾಜಿನ ಮೇಲೆ ಕಿವಿರಿನ ಗೆರೆಗೆರೆಯಾಗಿ ನುಣ್ಣನೆಯ ಪುಡಿ, ಅಂದರೆ ಅಣಬೆಯ ಬೀಜಾಣು, ಬಿದ್ದಿರುತ್ತದೆ.

ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ತೆಳುವಾಗಿ ಬಿದ್ದ ಗುಲಾಬಿ ಪುಡಿ ಬಿಳಿಯಂತೆ ಕಾಣುತ್ತದೆ, ಬಲ್ಬಿನ ಬೆಳಕಿಗೆ ಬಿಳಿ ಪುಡಿ ಹಳದಿಯಾಗಿ ಕಾಣುತ್ತದೆ. ಬ್ಲೇಡಿನ ಅಂಚಿನಿಂದ ಪುಡಿಯನ್ನು ಒಂದೆಡೆ ಕೆರೆದು ಅಕ್ಕಿಕಾಳಿನಷ್ಟು ಗುಡ್ಡೆ ಮಾಡಿ, ಗಾಜನ್ನು ಬಿಳಿ ಹಾಳೆಯ ಮೇಲೆ, ಆಮೇಲೆ ಕಪ್ಪು ಹಾಳೆಯ ಮೇಲೆ ಇಟ್ಟು ಹಗಲಿನ ಬೆಳಕಿನಲ್ಲಿ ನೋಡಿ. ಹುತ್ತದ ಅಣಬೆಯದ್ದು ಕೆನೆಯಿಂದ ನಸುಗುಲಾಬಿ. ಅಚ್ಚ ಬಿಳಿಯಾದರೆ ಅಮನಿಟ ಅಥವಾ ಅದರ ದಾಯಾದಿಗಳಿರಬಹುದು, ಬಿಸಾಡಿ. ಹಸಿರು, ತುಕ್ಕಿನ ಬಣ್ಣ, ಕಂದು, ಕಪ್ಪು ಬಂದರೂ ಬಿಸಾಡಿ. ಮೊಗ್ಗಿನಂತೆ ಮುಚ್ಚಿದ ಅಣಬೆಯಿಂದ ಅಚ್ಚು ಬೀಳುವುದಿಲ್ಲ. ಬರೀ ಮೊಗ್ಗೇ ಸಿಕ್ಕಿದ್ದರೆ ಆ ದಿನ ಅಣಬೆ ಸಾರಿನ ಆಸೆ ಬಿಡಿ.

ಗುಲಾಬಿ ಬಂತೆಂದ ಮಾತ್ರಕ್ಕೆ ಮುಗಿಯಲಿಲ್ಲ. ಎಂಟೊಲೋಮ ಎಂಬ ವಂಶದ ವಿಷದ ಅಣಬೆಗಳದ್ದೂ ಗುಲಾಬಿ ಪುಡಿಯೇ. ಅವುಗಳ ಕಿವಿರು ದಂಟಿಗೆ ಅಂಟಿಕೊಂಡಿರುವುದೇ ಹೆಚ್ಚು, ಹುತ್ತದೊಳಕ್ಕೆ ಇಳಿಯುವ ಬೇರು ಇರುವುದಿಲ್ಲ. ಮತ್ತೆ ಬುಡವೇ ತೀರ್ಪು ಹೇಳಬೇಕು.

ಇಲ್ಲಿ ಹೆಚ್ಚು ಮೋಸ ಮಾಡುವವು

ಹಸಿರು ಕಿವಿರಿನ ನಾಯಿಕೊಡೆ ಎಲ್ಲಕ್ಕಿಂತ ಮೊದಲು. ಶಾಸ್ತ್ರದ ಹೆಸರು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಹುಲ್ಲಿನ ಮೈದಾನ, ಶಾಲೆಯ ಅಂಗಳ, ದನ ಕಟ್ಟುವ ಜಾಗ, ಹಿತ್ತಿಲು, ಎಲ್ಲಿ ಬೇಕಾದರೂ ವೃತ್ತಾಕಾರವಾಗಿ ಏಳುತ್ತದೆ. ಟೊಪ್ಪಿ ಊಟದ ತಟ್ಟೆಯಷ್ಟು, 10ರಿಂದ 25 ಸೆಂ.ಮೀ.; ಬಿಳಿಯ ಮೇಲೆ ಕಂದು ಹಕ್ಕಳೆ, ದಂಟಿನಲ್ಲಿ ಮೇಲೆ ಕೆಳಗೆ ಸರಿಯುವ ಉಂಗುರ. ಇಷ್ಟು ದೊಡ್ಡದು, ಇಷ್ಟು ಬಿಳಿಯದು, ಒಂದೆರಡು ಕಿತ್ತರೆ ಮನೆಮಂದಿಗೆಲ್ಲ ಪಲ್ಯ ಆಗುತ್ತದೆ ಅನ್ನಿಸುವುದು ಸಹಜ. ಎಳೆಯದರಲ್ಲಿ ಕಿವಿರು ಬಿಳಿಯೇ. ಬಲಿತ ಮೇಲಷ್ಟೇ ಬೂದುಹಸಿರು. ಆದ್ದರಿಂದ ಕಿವಿರಿನ ಬಣ್ಣ ನೋಡಿ ಎಳೆಯದನ್ನು ಪತ್ತೆ ಮಾಡಲಾಗದು. ಅದೇ ಗುಂಪಿನ ಬಲಿತದ್ದರ ಅಚ್ಚು ತೆಗೆದರೆ ಮಬ್ಬು ಹಸಿರು ಬಂದು ಗುಟ್ಟು ರಟ್ಟಾಗುತ್ತದೆ. ತಿಂದವರಿಗೆ ಅರ್ಧ ತಾಸಿನಿಂದ ಮೂರು ತಾಸಿನೊಳಗೆ ವಾಂತಿ, ಭೇದಿ ಬಿಡದೆ ಹತ್ತುತ್ತದೆ. ದೊಡ್ಡವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ, ಮಕ್ಕಳಿಗೆ ಮೈಯ ನೀರು ಬತ್ತಿ ಜೀವಕ್ಕೆ ಬರಬಹುದು.

ಇದರ ಸಣ್ಣ ದಾಯಾದಿಗಳು ಲೆಪಿಯೋಟ. ಟೊಪ್ಪಿ ಎರಡು ಮೂರು ಸೆಂ.ಮೀ., ಹಕ್ಕಳೆಯಿರುವ ಮುದ್ದಾದ ಕೊಡೆಗಳು. ಇವುಗಳಲ್ಲಿ ಕೆಲವಕ್ಕೆ ಅಮನಿಟದ ವಿಷವೇ ಇದೆ. ಹುತ್ತದ ಸುತ್ತ ನೂರಾರು ಒಟ್ಟಿಗೆ ಏಳುವ ಚಿಕ್ಕ ಬಿಳಿ ಅಣಬೆಯನ್ನೂ ನಮ್ಮವರು ತಿನ್ನುತ್ತಾರೆ, ಒಂದರಿಂದ ಎರಡೂವರೆ ಸೆಂ.ಮೀ. ಅಷ್ಟೇ ಇರುತ್ತದೆ. ಅದಕ್ಕೆ ಉದ್ದ ಬೇರಿಲ್ಲ. ಗೆದ್ದಲು ಹೊರಗೆ ತಂದು ಹರಡಿದ ಗೂಡಿನ ಪುಡಿಯ ಮೇಲೆ ಬೆಳೆಯುವಂಥದ್ದು. ಬೇರಿನ ಸಾಕ್ಷಿ ಇಲ್ಲದ ಕಾರಣ ಹೊಸಬರು ಅದರ ತಂಟೆಗೆ ಹೋಗಬಾರದು. ಟೊಪ್ಪಿ ಬೆರಳುದ್ದಕ್ಕಿಂತ ಚಿಕ್ಕದಿದ್ದರೆ ಕೀಳುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ.

ಮಡ್ಡಿ ನೆಲದ ಹುತ್ತದ ಮೇಲೆ ಕೊಡೆ ಬಿಚ್ಚದೆ, ನಿಲ್ಲಿಸಿದ ಮುಷ್ಟಿಯಂತೆ ಉದ್ದಕ್ಕೆ ನಿಲ್ಲುವ, ಹಕ್ಕಳೆಯ ಅಣಬೆ ಇನ್ನೊಂದು, ಪೊಡಾಕ್ಸಿಸ್. ಎಳೆಯದನ್ನು ರಾಜಸ್ಥಾನದ ಕಡೆ ತಿನ್ನುತ್ತಾರೆ. ಬೇಗ ಒಳಗೆ ಕಪ್ಪು ಪುಡಿಯಾಗುತ್ತದೆ. ಇದು ಹುತ್ತದ ಅಣಬೆಯಲ್ಲ ಎಂದು ತಿಳಿದರೆ ಸಾಕು.

ನೀಲಗಿರಿ ನೆಡುತೋಪಿನಲ್ಲಿ ಆಲೂಗಡ್ಡೆಯಂಥ ಗುಂಡು ಅಣಬೆ ಸಿಗುತ್ತದೆ. ಯಾವ ಗುಂಡನ್ನೇ ಆಗಲಿ ನೆತ್ತಿಯಿಂದ ಬುಡದವರೆಗೆ ನಟ್ಟನಡುವೆ ಕೊಯ್ಯಿರಿ. ಒಳಗೆ ನೇರಳೆ ಕಪ್ಪು ಇದ್ದರೆ ಸ್ಕ್ಲೆರೋಡರ್ಮ, ವಿಷ. ಬಿಳಿ ಹೋಳಿನಲ್ಲಿ ಪುಟ್ಟ ಕೊಡೆಯ ನೆರಳಿನಂಥ ಗೆರೆ ಕಂಡರೆ ಅದು ಇನ್ನೂ ಮೊಟ್ಟೆಯೊಳಗಿರುವ ಅಮನಿಟ ಇರಬಹುದು. ಅಡ್ಡಕ್ಕೆ ಕೊಯ್ದರೆ ಈ ಗೆರೆ ಕಾಣುವುದಿಲ್ಲ, ನೆನಪಿರಲಿ.

ಇದೇ ಮೊಟ್ಟೆಯ ತೊಡಕು ಭತ್ತದ ಹುಲ್ಲಿನ ಅಣಬೆಗೂ ಇದೆ. ನಾರಾಯಣಪುರ ಕಾಲುವೆ ನೀರು ಹರಿಯುವ ಶಹಾಪುರ, ಸುರಪುರದ ಕಡೆ ಕೊಳೆತ ಹುಲ್ಲಿನ ಬಣಿವೆಯಲ್ಲಿ ಇದು ಎದ್ದೀತು. ತಿನ್ನುವ ಅಣಬೆಯೇ, ಆದರೆ ಇದಕ್ಕೂ ಬುಡದಲ್ಲಿ ಚೀಲವಿದೆ. ಉಂಗುರವಿಲ್ಲ, ಪುಡಿ ಗುಲಾಬಿ. ಬುಡದ ಚೀಲ ಕಂಡರೆ ಬಿಡಿ ಎಂಬ ನಿಯಮವನ್ನು ಇದೊಂದಕ್ಕಾಗಿ ಸಡಿಲಿಸುವುದು ಬೇಡ. ಬೇಕಾದವರು ಬೀಜ ತಂದು ಬೆಳೆಸಿಕೊಳ್ಳಬಹುದು.

ತಿಪ್ಪೆ, ಸಗಣಿಯ ಮೇಲಿನ ತೆಳು ದಂಟಿನವುಗಳಲ್ಲಿ ಕೆಲವು ತಿಂದವರಿಗೆ ಮತಿಭ್ರಮೆ ಹಿಡಿಸುವಂಥವು. ಕರಗಿ ಮಸಿಯಾಗುವ ಅಣಬೆಗಳಲ್ಲಿ ಒಂದು ಬರೀ ಊಟಕ್ಕೆ ಏನೂ ಮಾಡದು, ಅದನ್ನು ತಿಂದು ಮೂರು ದಿನದೊಳಗೆ ಹೆಂಡ ಕುಡಿದರೆ ಮಾತ್ರ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ.

ಒಲೆಗೆ ಹಾಕುವ ಮುನ್ನ

ಬುಡ, ಮೊನೆ, ಬಿಡಿ ಕಿವಿರು, ಗುಲಾಬಿ ಅಚ್ಚು: ನಾಲ್ಕೂ ಒಂದೇ ಗುಂಪಿನಲ್ಲಿ ಸರಿಬಂದು, ಬಲ್ಲವರೂ ಕಣ್ಣಾರೆ ನೋಡಿ ಹೂಂ ಅಂದಮೇಲೆ ಅಡುಗೆ. ಒಂದು ಗುಂಪು ಪಾಸಾದರೆ ಬುಟ್ಟಿಯೆಲ್ಲ ಪಾಸಾದಂತಲ್ಲ, ಒಂದೊಂದನ್ನೂ ಮಗುಚಿ ನೋಡಿ. ಅಚ್ಚು ಬೀಳುವವರೆಗೆ ಉಳಿದ ಅಣಬೆಯನ್ನು ಪತ್ರಿಕೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಒಂದು ಇಡೀ ಅಣಬೆಯನ್ನು, ಬುಡ ಸಮೇತ, ಅಡುಗೆಗೆ ಹಾಕದೆ ಎರಡು ಮೂರು ದಿನ ಅಲ್ಲೇ ಇಟ್ಟುಕೊಳ್ಳಿ; ಹೆಚ್ಚುಕಡಿಮೆಯಾದರೆ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ಹಸಿಯಾಗಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿ. ಹೊಸದಾಗಿ ತಿನ್ನುವವರು ಮೊದಲ ದಿನ ಎರಡು ಚಮಚ ತಿಂದು ನಿಲ್ಲಿಸಬೇಕು. ಇದು ಒಗ್ಗುತ್ತದೋ ಇಲ್ಲವೋ ನೋಡುವುದಕ್ಕೆ, ವಿಷ ಪರೀಕ್ಷೆಗಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕಾಡಿನ ಅಣಬೆ ಬೇಡವೇ ಬೇಡ. ಬೇಡವೆಂದು ಆರಿಸಿದ್ದನ್ನು ಅಂಗಳದಲ್ಲಿ ಚೆಲ್ಲದೆ ಗುಂಡಿ ತೋಡಿ ಮುಚ್ಚಿ.

ತಿಂದ ಮೇಲೆ ಏನಾದರೂ ಆದರೆ

ಗಡಿಯಾರ ನೋಡಿ. ತಿಂದ ಒಂದೆರಡು ತಾಸಿನಲ್ಲಿ ಜೊಲ್ಲು, ಬೆವರು, ಕಣ್ಣೀರು ಒಟ್ಟಿಗೆ ಸುರಿದರೆ ಮಸ್ಕರಿನ್ ವಿಷ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಇದೆ. ಆರು ತಾಸು ಏನೂ ಆಗದೆ, ಆಮೇಲೆ ವಾಂತಿಭೇದಿ ಶುರುವಾದರೆ ಅದೇ ಅತಿ ಕೆಟ್ಟ ಲಕ್ಷಣ, ಅಮಟಾಕ್ಸಿನ್ ಎಂದೇ ತಿಳಿದು ಹೊರಡಿ. ಒಂದು ದಿನ ಭೇದಿ ಕಾಡಿ, ಮರುದಿನ ರೋಗಿ ಎದ್ದು ಕೂತು ಊಟ ಕೇಳುತ್ತಾನೆ. ವಾಸಿಯಾಯಿತೆಂದು ಮನೆಗೆ ಕರೆತರುವುದು ಇದೇ ಹೊತ್ತಿನಲ್ಲಿ. ಒಳಗೆ ಯಕೃತ್ತಿನ ಜೀವಕೋಶಗಳು ಸಾಯುತ್ತಿರುತ್ತವೆ. ಮೂರನೆಯ ದಿನದ ಹೊತ್ತಿಗೆ ಕಣ್ಣು ಹಳದಿ, ಮಂಪರು, ರಕ್ತಸ್ರಾವ. ಹಾಗೆಂದು ಬೇಗ ವಾಂತಿಯಾದರೆ ಭಯವಿಲ್ಲ ಎನ್ನುವಂತಿಲ್ಲ, ಬುಟ್ಟಿಯಲ್ಲಿ ಎರಡು ಜಾತಿ ಬೆರೆತಿರಬಹುದು.

ಉಪ್ಪುನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಭೇದಿ ನಿಲ್ಲಿಸುವ ಗುಳಿಗೆ ಅಂಗಡಿಯಿಂದ ತಂದು ಕೊಡಬೇಡಿ, ವಿಷ ಒಳಗೇ ಉಳಿಯುತ್ತದೆ. ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಸಾಕು. 108ಕ್ಕೆ ಕರೆ ಮಾಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಲೈನ್ ಹಚ್ಚಿಸಿದರೂ ಅಲ್ಲಿಗೇ ನಿಲ್ಲದೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117ಕ್ಕೆ ವೈದ್ಯರೇ ಕರೆ ಮಾಡಿ ಸಲಹೆ ಪಡೆಯಬಹುದು. ಯಕೃತ್ತಿನ ಪರೀಕ್ಷೆ ಮೊದಲ ದಿನ ಸರಿಯಾಗೇ ಬರಬಹುದು. ಮರುದಿನ, ಮೂರನೆಯ ದಿನ ಮತ್ತೆ ಮಾಡಿಸಬೇಕೆಂದು ಕೇಳಿ.

ಜೊತೆಗೆ ಒಯ್ಯಬೇಕಾದ್ದು ಫ್ರಿಜ್‌ನಲ್ಲಿಟ್ಟ ಇಡೀ ಅಣಬೆ, ಮೊಬೈಲಿನ ಫೋಟೋ, ಉಳಿದ ಪಲ್ಯ, ಕಸದ ಬುಟ್ಟಿಯಲ್ಲಿ ಬಿದ್ದ ದಂಟಿನ ಚೂರು. ಎಷ್ಟು ಹೊತ್ತಿಗೆ ಉಂಡದ್ದು, ಮೊದಲ ವಾಂತಿ ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಅದೇ ತಾಟಿನಲ್ಲಿ ರೊಟ್ಟಿ ಅದ್ದಿ ತಿಂದ ಉಳಿದವರು ‘ನನಗೇನೂ ಆಗಿಲ್ಲ’ ಎಂದರೂ ಅದೇ ಗಾಡಿಯಲ್ಲಿ ಹತ್ತಿಸಿಕೊಂಡು ಹೋಗಿ.